ಮೂವತ್ತಾರು ಪಟ್ಟಿನ ಹಳೇ ಸ್ಕೋಪು ತರ್ಟಿ ಫಾರ್ಟಿ ತಾರಸಿಗೆ ಆಗುತ್ತಾ?

ಪ್ರಶ್ನೆ: ನನ್ನ ಹತ್ತಿರ 4.5 ಮಿ.ಮೀ.ನ ಪಿಸಿಪಿ (ಮೊದಲೇ ಒತ್ತಿ ತುಂಬಿಸಿದ ಗಾಳಿಯಿಂದ ಹೊಡೆಯುವ) ಏರ್ ರೈಫಲ್ ಇದೆ. ಮನೆ ಬೆಂಗಳೂರಿನ ಬಸವೇಶ್ವರನಗರದಲ್ಲಿ, ತರ್ಟಿ ಫಾರ್ಟಿ ಸೈಟು. ತಾರಸಿ ಮೇಲೆ 10 ಮೀಟರಿಗೆ ಪೇಪರ್ ಟಾರ್ಗೆಟ್ ಇಟ್ಟು ಹೊಡೆಯುತ್ತೇನೆ. ತಿಂಗಳಿಗೊಮ್ಮೆ ಕನಕಪುರ ರಸ್ತೆ ಕಡೆ ಸ್ನೇಹಿತರ ತೋಟಕ್ಕೆ ಹೋದಾಗ 25 ಮೀಟರ್, ಕೆಲವು ಸಲ 50 ಮೀಟರ್. ಈಗ ಇರುವುದು ಸಾಮಾನ್ಯ 3-9 ಸ್ಕೋಪು, ಅಂದರೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, ಗುರಿ ಹಿಡಿಯುವ ದುರ್ಬೀನು. 10 ಮೀಟರಿಗೆ ಅದು ಮಂಜು ಮಂಜು. ಪರಿಚಯದವರೊಬ್ಬರು ತಮ್ಮ ಹಳೇ 36 ಪಟ್ಟಿನ ಸ್ಕೋಪು, ವೀವರ್ ಟಿ-36, ಕೊಡುತ್ತೇನೆ ಎನ್ನುತ್ತಿದ್ದಾರೆ. "ಈಗ ತಯಾರಾಗಲ್ಲ, ಬಿಟ್ರೆ ಮತ್ತೆ ಸಿಗಲ್ಲ" ಅಂತ ಅವರ ಮಾತು. ಕೇಳುತ್ತಿರುವ ಬೆಲೆ ನನ್ನ ರೈಫಲ್ ಬೆಲೆಯ ಮುಕ್ಕಾಲು ಭಾಗ. ತೆಗೆದುಕೊಳ್ಳಬಹುದಾ? ಮಗಳಿಗೆ 13 ವರ್ಷ, ಅವಳೂ ಸ್ಪರ್ಧೆಗೆ ಹೋಗಬೇಕು ಎನ್ನುತ್ತಾಳೆ. ಅವಳಿಗೂ ಉಪಯೋಗ ಆಗುತ್ತಾ?

ಉತ್ತರ: ತಾರಸಿಗಾದರೆ ಬೇಡ. ತೋಟಕ್ಕಾದರೆ, ಪರೀಕ್ಷೆ ಮಾಡಿ ನೋಡಿ, ಬೆಲೆ ಇಳಿಸಿ ತೆಗೆದುಕೊಳ್ಳಬಹುದು. ಮಗಳಿಗಂತೂ ಬೇಡವೇ ಬೇಡ, ಅವಳ ಆಟದಲ್ಲಿ ಸ್ಕೋಪೇ ಇಲ್ಲ.

ಮೊದಲು ಸಾಮಾನಿನ ಬಗ್ಗೆ ಹೇಳಿಬಿಡುತ್ತೇನೆ, ಯಾಕೆಂದರೆ ಸ್ಕೋಪಿನಲ್ಲಿ ದೋಷವಿಲ್ಲ. ವೀವರ್ ಅಮೆರಿಕದ ಹಳೇ ಹೆಸರು. ಬಿಲ್ ವೀವರ್ ಎನ್ನುವವರು 1930ರಲ್ಲಿ ಶುರುಮಾಡಿ, ಆಮೇಲೆ ಟೆಕ್ಸಾಸಿನ ಎಲ್ ಪಾಸೋದಲ್ಲಿ ಬೆಳೆಸಿದ ಕಂಪನಿ. ಸಾಮಾನ್ಯ ಬೇಟೆಗಾರನ ಕೈಗೆಟಕುವ ಬೆಲೆಗೆ ಸ್ಕೋಪು ಕೊಟ್ಟವರಲ್ಲಿ ಅವರು ಮೊದಲಿಗರು. ಟಿ-36 ಬಂದಿದ್ದು ಅದಕ್ಕಿಂತ ಬಹಳ ಈಚೆಗೆ, ಟಾರ್ಗೆಟ್ ಹೊಡೆಯುವವರಿಗೆ ಅಂತಲೇ ಮಾಡಿದ ಟಿ ಸರಣಿಯಲ್ಲಿ. ಹಿಗ್ಗಿಸುವುದು 36 ಪಟ್ಟು, ಅಷ್ಟೇ. ಜೂಮ್ ಇಲ್ಲ. ಮುಂದಿನ ಗಾಜು 40 ಮಿ.ಮೀ., ಕೊಳವೆ ಒಂದಿಂಚು, ತೂಕ ಅರ್ಧ ಕಿಲೋದ ಒಳಗೆ. ಗುರಿ ಸರಿಸುವ ತಿರುಪಿನ ಒಂದು ಕ್ಲಿಕ್ಕಿಗೆ 1/8 ಎಂಒಎ (ಒಂದು ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು), ಅಂದರೆ 25 ಮೀಟರಿನಲ್ಲಿ ಒಂದು ಮಿ.ಮೀ.ಗಿಂತ ಸ್ವಲ್ಪ ಕಡಿಮೆ.

ಜನ ಇವತ್ತಿಗೂ ಇದನ್ನು ಹುಡುಕುವುದಕ್ಕೆ ಕಾರಣ ಅದರ ಟರೆಟ್, ಅಂದರೆ ಗುರಿಯನ್ನು ಮೇಲೆ ಕೆಳಗೆ, ಅಕ್ಕಪಕ್ಕ ಸರಿಸುವ ತಿರುಪು. ಸಾಮಾನ್ಯ ಸ್ಕೋಪಿನಲ್ಲಿ ಮೇಲಿನ ಸ್ಕ್ರೂ ಮತ್ತು ಪಕ್ಕದ ಸ್ಕ್ರೂ ಎರಡೂ ಒಳಗಿರುವ ಒಂದೇ ಕೊಳವೆಯನ್ನು ಒತ್ತುತ್ತವೆ. ಎದುರಿಗೆ ಒಂದು ಸ್ಪ್ರಿಂಗ್ ತಡೆದು ನಿಂತಿರುತ್ತದೆ. ಒಂದನ್ನು ತಿರುಗಿಸಿದರೆ ಇನ್ನೊಂದು ಸ್ವಲ್ಪ ಉಜ್ಜಿಕೊಂಡು ಜಾರುತ್ತದೆ. ಮೇಲಕ್ಕೆ ಹತ್ತು ಕ್ಲಿಕ್ ಹಾಕಿದರೆ ಪೆಲೆಟ್ (ಏರ್ ರೈಫಲ್ಲಿನ ಗುಂಡು) ಮೇಲಕ್ಕೂ ಹೋಗುತ್ತದೆ, ಚೂರು ಪಕ್ಕಕ್ಕೂ ಹೋಗುತ್ತದೆ. ವೀವರ್‌ನವರು ಮೈಕ್ರೋ ಟ್ರ್ಯಾಕ್ ಅಂತ ನಾಲ್ಕು ಕಡೆ ಆಸರೆ ಕೊಟ್ಟು ಈ ಕಾಟ ತಪ್ಪಿಸಿದರು. ಜೂಮ್ ಇಲ್ಲದಿರುವುದೂ ಒಂದು ಲಾಭ. ಒಳಗೆ ಓಡಾಡುವ ಗಾಜು ಕಡಿಮೆ, ಆದ್ದರಿಂದ ಸಡಿಲವಾಗುವುದೂ ಕಡಿಮೆ. ಲ್ಯೂಪೋಲ್ಡ್‌ನವರೂ ಹೀಗೇ 35, 40, 45 ಪಟ್ಟಿನ ಕಾಂಪಿಟಿಷನ್ ಸ್ಕೋಪು ಮಾಡುತ್ತಿದ್ದರು, ಅವೂ ನಿಂತುಹೋದವು. ಮಾರುಕಟ್ಟೆ ದಪ್ಪ ಕೊಳವೆಯ, ದೊಡ್ಡ ಜೂಮಿನ ಕಡೆಗೆ ಹೊರಟುಹೋಯಿತು. ನನ್ನನ್ನು ಕೇಳಿದರೆ ಟಾರ್ಗೆಟ್ ಹೊಡೆಯುವವರಿಗೆ ಇದು ನಷ್ಟವೇ.

ಇಷ್ಟು ಹೊಗಳಿದ ಮೇಲೂ ತಾರಸಿಗೆ ಯಾಕೆ ಬೇಡ ಎನ್ನುತ್ತೇನೆ? ಈ ಸ್ಕೋಪಿನ ಮುಂದಿನ ಗಾಜಿನ ಸುತ್ತ ಒಂದು ಫೋಕಸ್ ರಿಂಗು ಇದೆ, ಎಒ ಅಂತಾರಲ್ಲ, ಅದು. ಆ ರಿಂಗಿನ ಮೇಲಿನ ಅತಿ ಹತ್ತಿರದ ಗುರುತು 50 ಅಡಿ. ಅದಕ್ಕಿಂತ ಹತ್ತಿರ ಇರುವುದಕ್ಕೆ ಫೋಕಸ್ ಆಗುವುದಿಲ್ಲ.

ಈಗ ನಿಮ್ಮ ತರ್ಟಿ ಫಾರ್ಟಿ ಸೈಟು ನೋಡಿ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ ಎಷ್ಟು ಬರುತ್ತದೆ? ಮೂವತ್ತರ ವರ್ಗ, ನಲವತ್ತರ ವರ್ಗ ಕೂಡಿ ವರ್ಗಮೂಲ ತೆಗೆಯಿರಿ, ಸರಿಯಾಗಿ 50 ಅಡಿ. ಅದೂ ಖಾಲಿ ಸೈಟಿನ ಲೆಕ್ಕ. ಸುತ್ತ ಬಿಟ್ಟ ಜಾಗ, ಮೆಟ್ಟಿಲಿನ ಹೆಡ್‌ರೂಮ್, ಸಿಂಟೆಕ್ಸ್ ಟ್ಯಾಂಕು, ಸೋಲಾರ್ ಹೀಟರು, ನೀವು ಕೂರುವ ಜಾಗ ಎಲ್ಲ ಕಳೆದರೆ 35 ಅಡಿ ಉಳಿದರೆ ಪುಣ್ಯ. ಅಂದರೆ ಬೆಂಗಳೂರಿನ ಯಾವ ತರ್ಟಿ ಫಾರ್ಟಿ ತಾರಸಿಯ ಮೇಲೂ ಟಿ-36 ಫೋಕಸ್ ಆಗುವುದಿಲ್ಲ. ಕಂಪನಿಯವರು ನಮ್ಮ ಸೈಟ್ ಅಳತೆ ನೋಡಿಯೇ ಮಾಡಿದ ಹಾಗಿದೆ.

"ಸ್ವಲ್ಪ ಮಬ್ಬಾದರೆ ಏನಂತೆ, 36 ಪಟ್ಟು ದೊಡ್ಡದಾಗಿ ಕಾಣುತ್ತಲ್ಲ" ಅಂತ ನಿಮಗೆ ಅನಿಸಬಹುದು. ಲೆಕ್ಕ ಹಾಕೋಣ. ಫೋಕಸ್ ಅನ್ನು 15 ಮೀಟರಿಗೆ ನಿಲ್ಲಿಸಿ 10 ಮೀಟರಿನ ಪೇಪರ್ ನೋಡಿದರೆ, 40 ಮಿ.ಮೀ. ಗಾಜಿನಲ್ಲಿ ಪೇಪರಿನ ಮೇಲಿನ ಒಂದು ಚುಕ್ಕೆ ಸುಮಾರು 13 ಮಿ.ಮೀ. ಅಗಲಕ್ಕೆ ಹರಡಿಕೊಂಡು ಕಾಣುತ್ತದೆ. ಪೆಲೆಟ್ ಮಾಡುವ ತೂತು 4.5 ಮಿ.ಮೀ. ಅಂದರೆ ತೂತೇ ಕಾಣುವುದಿಲ್ಲ. ಕಪ್ಪು ವೃತ್ತದ ಅಂಚು ಬೂದು ಬಣ್ಣದ ಪಟ್ಟಿಯಾಗಿ ಕರಗಿಹೋಗುತ್ತದೆ. ಅಷ್ಟೇ ಅಲ್ಲ, ಫೋಕಸ್ ತಪ್ಪಿದಾಗ ಪ್ಯಾರಲಾಕ್ಸ್ ಕೂಡ ಇರುತ್ತದೆ. ನಿಮ್ಮ ಕಣ್ಣು ಸ್ವಲ್ಪ ಆಚೀಚೆ ಆದರೆ ಕ್ರಾಸ್‌ಹೇರ್ (ಸ್ಕೋಪಿನೊಳಗೆ ಕಾಣುವ ಗುರಿಯ ಗೆರೆಗಳು) ಟಾರ್ಗೆಟ್ ಮೇಲೆ ಈಜಾಡುತ್ತದೆ. ಇಲ್ಲಿ ಅದು ಆ ಕಡೆ ಈ ಕಡೆ ಆರೇಳು ಮಿ.ಮೀ. ತನಕ ಹೋಗಬಹುದು. ಈಗಿನ 3-9ರಲ್ಲಿ ನಿಮಗೆ ಬೇಸರವಾಗಿರುವುದು ಮಂಜು ಅಲ್ವಾ? ಅದನ್ನೇ ಜಾಸ್ತಿ ದುಡ್ಡು ಕೊಟ್ಟು ತಂದ ಹಾಗಾಗುತ್ತದೆ.

ಕಣ್ಣಿನ ಕಡೆ ಇರುವ ರಿಂಗು ತಿರುಗಿಸಿ ಸರಿಮಾಡಿಕೊಳ್ಳಬಹುದು ಅಂತ ಮಾರುವವರು ಹೇಳುವುದುಂಟು. ಆಗುವುದಿಲ್ಲ. ಆ ರಿಂಗು ಇರುವುದು ಕ್ರಾಸ್‌ಹೇರ್ ನಿಮ್ಮ ಕಣ್ಣಿಗೆ ಚೂಪಾಗಿ ಕಾಣಲಿ ಅಂತ. ಟಾರ್ಗೆಟ್ಟನ್ನು ಎಳೆದು ತರಲು ಹೋದರೆ ಕ್ರಾಸ್‌ಹೇರ್ ಮಬ್ಬಾಗುತ್ತದೆ. ಇನ್ನೊಂದು ವಿಷಯ ಇದೆ. ಫೋಕಸ್ ತಪ್ಪನ್ನು ಕಣ್ಣು ತಾನೇ ಎಷ್ಟು ತಿದ್ದಿಕೊಳ್ಳಬಲ್ಲದು ಎನ್ನುವುದು ಸ್ಕೋಪಿನ ಪಟ್ಟಿನ ವರ್ಗದಷ್ಟು ಕುಗ್ಗುತ್ತದೆ. 4 ಪಟ್ಟಿನಲ್ಲಿ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ, ಅದರಲ್ಲೇ ಕಣ್ಣು ಹೇಗೋ ನಿಭಾಯಿಸುತ್ತದೆ. 36 ಪಟ್ಟಿನಲ್ಲಿ 1,296ರಲ್ಲಿ ಒಂದು ಪಾಲು. ಹದಿಹರೆಯದ ಕಣ್ಣಿಗೂ ಅದು ಸಾಲುವುದಿಲ್ಲ.

ಮುಂದೆ ಕನ್ನಡಕದ ಗಾಜು ಹಾಕಿಸಿದರೆ? ಈ ಉಪಾಯ ತುಂಬಾ ಜನ ಕೇಳುತ್ತಾರೆ. ಕನ್ನಡಕದ ಅಂಗಡಿಯಲ್ಲಿ ಪ್ಲಸ್ ಗಾಜು ಕತ್ತರಿಸಿ ಕೊಡಿ ಎಂದರೆ ಅವರ ಹತ್ತಿರ ಸಾಮಾನ್ಯವಾಗಿ ಇರುವ ಅತಿ ಕಡಿಮೆ ಪವರ್ 0.25. ನಿಮಗೆ ಬೇಕಿರುವುದು ಸುಮಾರು 0.03. 0.25 ಗಾಜು ಹಾಕಿದರೆ ಸ್ಕೋಪು ಫೋಕಸ್ ಆಗುವುದು ಬರೀ ಮೂರರಿಂದ ನಾಲ್ಕು ಮೀಟರಿನ ಒಳಗೆ. ನಡುಮನೆಯಲ್ಲಿ ಗೋಡೆಯ ಕ್ಯಾಲೆಂಡರ್ ಓದಬಹುದು, ತಾರಸಿಗೆ ಬರುವುದಿಲ್ಲ.

ಮೂರನೇ ಉಪಾಯ ನಿಜವಾಗಿಯೂ ಕೆಲಸ ಮಾಡುತ್ತದೆ, ಆದರೆ ನಾನು ಬೇಡ ಎನ್ನುತ್ತೇನೆ. ಎಒ ರಿಂಗಿನ ತಡೆ ಬಿಚ್ಚಿ, ಮುಂದಿನ ಗಾಜನ್ನು ಇನ್ನೂ ಸ್ವಲ್ಪ ಮುಂದಕ್ಕೆ ತಿರುಗಿಸಿ ತರುವುದು. ಫೀಲ್ಡ್ ಟಾರ್ಗೆಟ್ (ಈ ಆಟದ ಬಗ್ಗೆ ಮುಂದೆ ಹೇಳುತ್ತೇನೆ) ಆಡುವವರು ಹೊರದೇಶದಲ್ಲಿ ಬಹಳ ಹಿಂದಿನಿಂದ ಮಾಡಿಕೊಂಡು ಬಂದಿದ್ದಾರೆ. ಒಂದು ಮಿ.ಮೀ. ಚಿಲ್ಲರೆ ಮುಂದೆ ತಂದರೂ ಸಾಕು, 10 ಮೀಟರಿಗೆ ಫೋಕಸ್ ಬರುತ್ತದೆ. ಆದರೆ ಹತ್ತಿರದ ತುದಿ ಹತ್ತಿರ ಬಂದರೆ ದೂರದ ತುದಿಯೂ ಹತ್ತಿರ ಬರುತ್ತದೆ. ಮೊದಲು 15 ಮೀಟರಿನಿಂದ ಅನಂತದವರೆಗೆ ಇದ್ದದ್ದು ಈಗ 10ರಿಂದ 30 ಮೀಟರಿಗೆ ನಿಲ್ಲುತ್ತದೆ. ತೋಟದ 25 ಮೀಟರ್ ಉಳಿಯಿತು, 50 ಮೀಟರ್ ಹೋಯಿತು. ರಿಂಗಿನ ಮೇಲಿನ ಗುರುತೆಲ್ಲ ಸುಳ್ಳಾಗುತ್ತದೆ. ಜೊತೆಗೆ ಸೀಲು ಬಿಚ್ಚಿದರೆ ಒಳಗಿನ ಒಣ ಗಾಳಿ ಹೋಗಿ ಬೆಂಗಳೂರಿನ ಜೂನ್ ತಿಂಗಳ ಗಾಳಿ ಒಳಗೆ ಬರುತ್ತದೆ. ಆಮೇಲೆ ಗಾಜಿನ ಮೇಲೆ ಫಂಗಸ್. ತಯಾರಿಕೆ ನಿಂತ ಸ್ಕೋಪಿಗೆ ಬಿಡಿಭಾಗ ಇಲ್ಲ. ಕ್ಯಾಮೆರಾ ರಿಪೇರಿಯವರು ಬಿಚ್ಚಿ ಒರೆಸಿ ಕೊಟ್ಟಾರು, ಮತ್ತೆ ಮೊದಲಿನ ಹಾಗೆ ಸೀಲ್ ಮಾಡಿ ಕೊಡುವ ಕೈ ಸಿಗುವುದು ಕಷ್ಟ.

ಫೋಕಸ್ ಒಂದು ಕಡೆ ಇಡಿ. 10 ಮೀಟರಿಗೆ 36 ಪಟ್ಟು ಬೇಕಾ ಎನ್ನುವುದೇ ಪ್ರಶ್ನೆ. ಹತ್ತು ಮೀಟರನ್ನು 36ರಿಂದ ಭಾಗಿಸಿ, 28 ಸೆಂ.ಮೀ. ಬಂತು. ಪುಸ್ತಕ ಓದುವಾಗ ಹಿಡಿಯುವುದಕ್ಕಿಂತ ಹತ್ತಿರ. ಅಷ್ಟು ಹತ್ತಿರದಿಂದ ಪೆಲೆಟ್ ತೂತನ್ನು ನೋಡಿ ಆಗಬೇಕಾದ್ದೇನೂ ಇಲ್ಲ. ಎಂಟು ಪಟ್ಟಿನಲ್ಲೇ ತೂತು ನಿಚ್ಚಳವಾಗಿ ಕಾಣುತ್ತದೆ. ಮೇಲಾಗಿ 36 ಪಟ್ಟಿನಲ್ಲಿ ಕಾಣುವ ಜಾಗ ತೀರಾ ಕಿರಿದು. 10 ಮೀಟರಿನಲ್ಲಿ ಸುಮಾರು ಹತ್ತು ಸೆಂ.ಮೀ. ಅಗಲ, ಅಷ್ಟೇ. ರೈಫಲ್ ಎತ್ತಿದರೆ ಟಾರ್ಗೆಟ್ ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸ. ನಿಂತು ಹೊಡೆಯುವವರಿಗೆ ಇನ್ನೊಂದು ತೊಂದರೆ. ಎದೆ ಬಡಿತಕ್ಕೆ ಕ್ರಾಸ್‌ಹೇರ್ ಕುಣಿಯುವುದು ಕಣ್ಣಿಗೆ ಕಾಣುತ್ತದೆ. ಅಲುಗಾಟ ಮೊದಲೂ ಇತ್ತು, ಈಗ ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಕಂಡಾಗ ಏನಾಗುತ್ತದೆ ಗೊತ್ತಾ? ನಡುಮಧ್ಯಕ್ಕೆ ಬಂದ ಕ್ಷಣ ಹಿಡಿದುಬಿಡೋಣ ಅಂತ ಬೆರಳು ಟ್ರಿಗರನ್ನು ಕಿತ್ತುಬಿಡುತ್ತದೆ. ಪೆಲೆಟ್ ತೂತುಗಳ ಗುಂಪು ಚದುರುವುದು ಆಗಲೇ.

ಬೆಳಕಿನದ್ದೂ ಒಂದು ಮಾತು. 40 ಮಿ.ಮೀ. ಗಾಜನ್ನು 36ರಿಂದ ಭಾಗಿಸಿದರೆ 1.1 ಮಿ.ಮೀ. ಸ್ಕೋಪಿನಿಂದ ನಿಮ್ಮ ಕಣ್ಣಿಗೆ ಬರುವ ಬೆಳಕಿನ ಕಂಬದ ದಪ್ಪ ಇಷ್ಟೇ. ತಲೆ ಒಂದು ಚೂರು ಸರಿದರೆ ಕಪ್ಪು. ಸಂಜೆ ಐದೂವರೆ ಮೇಲೆ ಚಿತ್ರ ಮಂಕು. ವಯಸ್ಸು ನಲವತ್ತೈದು ದಾಟಿದ್ದರೆ ಕಣ್ಣೊಳಗೆ ತೇಲುವ ಎಳೆಗಳು, ಚುಕ್ಕೆಗಳು ಇರುತ್ತವಲ್ಲ, ಅವೂ ಈ ಸಣ್ಣ ಕಂಬದಲ್ಲಿ ಎದ್ದು ಕಾಣುತ್ತವೆ. ಸ್ಕೋಪಿನ ಒಳಗೆ ಕಸ ಬಿದ್ದಿದೆ ಅಂತ ದೂರುವವರಲ್ಲಿ ಕೆಲವರ ಕಸ ಕಣ್ಣಿನೊಳಗೇ ಇರುತ್ತದೆ. ಸ್ಕೋಪನ್ನು ತಿರುಗಿಸಿ ನೋಡಿ. ಕಸವೂ ಜೊತೆಗೆ ತಿರುಗಿದರೆ ಸ್ಕೋಪಿನದ್ದು, ಇಲ್ಲದಿದ್ದರೆ ನಿಮ್ಮದು.

ಈಗ ತೋಟಕ್ಕೆ ಹೋಗೋಣ. 25 ಮೀಟರ್, ಟೇಬಲ್, ಮುಂದೆ ಮರಳಿನ ಚೀಲ, ಕೂತು ಹೊಡೆಯುವುದು. ಇಲ್ಲಿ ಟಿ-36ಕ್ಕೆ ಸರಿಸಾಟಿ ಕಡಿಮೆ. ಟಾರ್ಗೆಟ್ 70 ಸೆಂ.ಮೀ. ದೂರದಲ್ಲಿ ಇಟ್ಟಷ್ಟು ದೊಡ್ಡದು, ಫೋಕಸ್ ಚೂಪು, ರೈಫಲ್ ಚೀಲದ ಮೇಲೆ ಕೂತಿರುವುದರಿಂದ ಎದೆ ಬಡಿತದ ಕಾಟ ಕಡಿಮೆ. ಏರ್ ರೈಫಲ್ ಬೆಂಚ್‌ರೆಸ್ಟ್ ಅಂತ 25 ಮೀಟರಿನ ಆಟವೇ ಇದೆ. ಅದರಲ್ಲಿ, ಪೆಲೆಟ್ಟಿನ ಶಕ್ತಿ 16.3 ಜೂಲ್ ಒಳಗಿರುವ ಲೈಟ್ ವಾರ್ಮಿಂಟ್ ವಿಭಾಗದಲ್ಲಿ ಸ್ಕೋಪಿನ ಪಟ್ಟಿಗೆ ಮಿತಿ ಇಲ್ಲ. ಟಿ-36 ತರಹದ ಸ್ಕೋಪು ಮೆರೆಯುವುದು ಅಂಥ ಕಡೆ.

50 ಮೀಟರಿನಲ್ಲೂ ಚೆನ್ನ. ಆದರೆ ಮಾರ್ಚ್, ಏಪ್ರಿಲ್ ಬಿಸಿಲಿಗೆ ಮಣ್ಣಿನ ಮೇಲಿಂದ ಏಳುವ ಝಳ ಪೂರ್ತಿ ಕಾಣುತ್ತದೆ. ಟಾರ್ಗೆಟ್ ನೀರಿನೊಳಗೆ ಇದ್ದ ಹಾಗೆ ಅಲೆಯುತ್ತದೆ. ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಸಿಕೊಳ್ಳಿ. ಆ ಹೊತ್ತಿಗೆ ಗಾಳಿಯೂ ಕಡಿಮೆ. ಅರ್ಧ ಗ್ರಾಂ ತೂಕದ ಪೆಲೆಟ್ಟಿಗೆ 50 ಮೀಟರಿನಲ್ಲಿ ಎಲೆ ಅಲುಗುವಷ್ಟು ಗಾಳಿಯೂ ಸಾಕು ತಳ್ಳಲು.

ಹೆಚ್ಚು ಪಟ್ಟಿನ ಸ್ಕೋಪಿಗೆ ಏರ್ ರೈಫಲ್ ಲೋಕದಲ್ಲಿ ಇಷ್ಟು ಬೇಡಿಕೆ ಬಂದದ್ದು ಬೆಂಚ್‌ರೆಸ್ಟ್‌ಗಿಂತ ಫೀಲ್ಡ್ ಟಾರ್ಗೆಟ್‌ನಿಂದ. 1980ರಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಶುರುವಾದ ಆಟ. ಲೋಹದ ಆಕೃತಿಗಳು, ಅವುಗಳ ನಡುವೆ ಸಣ್ಣ ತೂತು. ಪೆಲೆಟ್ ತೂತಿನೊಳಗೆ ಹೋದರೆ ಆಕೃತಿ ಬೀಳುತ್ತದೆ. ದೂರ ಎಷ್ಟು ಅಂತ ಹೇಳುವುದಿಲ್ಲ, ಅಳೆಯುವ ಯಂತ್ರವನ್ನೂ ಬಿಡುವುದಿಲ್ಲ. ಆಟಗಾರರು ಸ್ಕೋಪನ್ನೇ ಅಳತೆಗೋಲು ಮಾಡಿಕೊಂಡರು. ಪಟ್ಟು ಹೆಚ್ಚಾದಷ್ಟೂ ಚೂಪಾಗಿ ಕಾಣುವ ಜಾಗದ ಆಳ ಕಿರಿದಾಗುತ್ತದೆ. 20 ಮೀಟರ್ ಚೂಪಾಗಿದ್ದಾಗ 22 ಮೀಟರ್ ಮಬ್ಬು. ಹಾಗಾಗಿ ಫೋಕಸ್ ರಿಂಗು ಎಲ್ಲಿ ನಿಂತಿತು ಎನ್ನುವುದೇ ದೂರದ ಉತ್ತರ. ನೀವೂ ತೋಟದಲ್ಲಿ ಇದನ್ನು ಮಾಡಬಹುದು. ಎಒ ರಿಂಗಿನ ಸುತ್ತ ಬಿಳಿ ಟೇಪ್ ಸುತ್ತಿ, ಟೇಪ್ ಹಿಡಿದು ಅಳೆದ ದೂರಗಳಲ್ಲಿ ಸಣ್ಣ ಅಕ್ಷರದ ದಿನಪತ್ರಿಕೆ ಅಂಟಿಸಿ, ಅಕ್ಷರ ಚೂಪಾದಲ್ಲಿ ಪೆನ್ಸಿಲ್ ಗೆರೆ ಹಾಕಿ. ಯಾವಾಗಲೂ ದೂರದ ಕಡೆಯಿಂದ ಹತ್ತಿರಕ್ಕೆ ತಿರುಗಿಸಿಕೊಂಡು ಬನ್ನಿ. ರಿಂಗಿನ ಒಳಗಿನ ತಿರುಪಿನಲ್ಲಿ ಸ್ವಲ್ಪ ಸಡಿಲ ಇರುತ್ತದೆ, ಎರಡೂ ಕಡೆಯಿಂದ ಬಂದರೆ ಎರಡು ಉತ್ತರ ಸಿಗುತ್ತದೆ. ಡಿಸೆಂಬರ್ ಬೆಳಿಗ್ಗೆ ಹಾಕಿದ ಗೆರೆ ಏಪ್ರಿಲ್ ಮಧ್ಯಾಹ್ನಕ್ಕೆ ಸ್ವಲ್ಪ ಸರಿಯುವುದೂ ಮಾಮೂಲು, ಹೆದರಬೇಡಿ.

ಇನ್ನು ಪರೀಕ್ಷೆ. ಹಳೇ ಸ್ಕೋಪನ್ನು ಕೈಯಲ್ಲಿ ಹಿಡಿದು ಕಿಟಕಿಯಾಚೆ ನೋಡಿ "ಚೆನ್ನಾಗಿದೆ" ಎಂದು ದುಡ್ಡು ಕೊಡಬೇಡಿ. ಒಂದು ಬೆಳಿಗ್ಗೆ ಕೇಳಿ ಪಡೆಯಿರಿ. ಮೊದಲು ಮೊಬೈಲ್ ಟಾರ್ಚನ್ನು ಮುಂದಿನ ಗಾಜಿಗೆ ಓರೆಯಾಗಿ ಹಿಡಿದು ಹಿಂದಿನಿಂದ ನೋಡಿ, ಆಮೇಲೆ ಕಡೆ ಬದಲಾಯಿಸಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಅಲ್ಲಿಗೆ ಮಾತು ಮುಗಿಯಿತು, ವಾಪಸ್ ಕೊಡಿ. ಒಂದೆರಡು ಧೂಳಿನ ಕಣ ಇದ್ದರೆ ತೊಂದರೆ ಇಲ್ಲ. ಕೊಳವೆಯ ಮೇಲೆ ರಿಂಗು ಕೂತ ಜಾಗದಲ್ಲಿ ಬೆರಳು ಆಡಿಸಿ. ಗೀರು ಇದ್ದರೆ ಪರವಾಗಿಲ್ಲ, ತಗ್ಗು ಇದ್ದರೆ ಯಾರೋ ಸ್ಕ್ರೂ ಬಿಗಿದು ಹಿಂಡಿದ್ದಾರೆ, ಒಳಗಿನ ಕೊಳವೆಯೂ ಸಿಕ್ಕಿಕೊಂಡಿರಬಹುದು.

ಮುಖ್ಯ ಪರೀಕ್ಷೆ ಟರೆಟ್ಟಿನದು, ಇದಕ್ಕೆ ಗುಂಡು ಹಾರಿಸುವುದೇ ಬೇಡ. ಸ್ಟೇಷನರಿ ಅಂಗಡಿಯ ಮಿ.ಮೀ. ಗ್ರಾಫ್ ಪೇಪರ್ ತನ್ನಿ. ತೋಟದಲ್ಲಿ, ಇಲ್ಲವೇ ಉದ್ದದ ಕಾರಿಡಾರಿನಲ್ಲಿ, ಸರಿಯಾಗಿ 20 ಮೀಟರ್ ಅಳೆದು ಗೋಡೆಗೆ ಅಂಟಿಸಿ. ಸ್ಕೋಪನ್ನು ರೈಫಲ್ ಸಮೇತ ಅಲುಗದಂತೆ ಮರಳಿನ ಚೀಲಗಳ ನಡುವೆ ಕೂರಿಸಿ. ರೈಫಲ್ ಖಾಲಿ, ಪೆಲೆಟ್ ಇಲ್ಲ, ಗಾಳಿಯೂ ಇಲ್ಲ. ಕ್ರಾಸ್‌ಹೇರ್ ಎಲ್ಲಿ ಕೂತಿದೆ ಗುರುತು ಹಾಕಿಕೊಳ್ಳಿ. ಮೇಲಿನ ಟರೆಟ್ 40 ಕ್ಲಿಕ್ ತಿರುಗಿಸಿ. ಕ್ರಾಸ್‌ಹೇರ್ 29 ಮಿ.ಮೀ. ಸರಿದಿರಬೇಕು. ಪಕ್ಕಕ್ಕೆ 40, ಅಲ್ಲೂ 29. ವಾಪಸ್ 40, ವಾಪಸ್ 40. ಹೊರಟ ಚೌಕಕ್ಕೇ ಬಂದು ಕೂತಿತೇ? ಮೇಲೆ ಹೋಗುವಾಗ ಪಕ್ಕಕ್ಕೆ ಜಾರಿತೇ? ಒಂದು ಮಿ.ಮೀ. ಒಳಗಿನ ವ್ಯತ್ಯಾಸ ನಿಮ್ಮ ಚೀಲದ ಅಲುಗಾಟ ಇರಬಹುದು, ಇನ್ನೊಮ್ಮೆ ಮಾಡಿ. ಎರಡು ಮೂರು ಮಿ.ಮೀ. ತಪ್ಪು ಮತ್ತೆ ಮತ್ತೆ ಬಂದರೆ ಸ್ಕೋಪಿನ ಸ್ಪ್ರಿಂಗು ಸೋತಿದೆ. ಮೈಕ್ರೋ ಟ್ರ್ಯಾಕ್ ಹೆಸರು ಹೇಳಿ ದುಡ್ಡು ಕೇಳುವವರಿಗೆ ಈ ಗ್ರಾಫ್ ಪೇಪರ್ ತೋರಿಸಿದರೆ ಬೆಲೆ ತಾನಾಗಿ ಇಳಿಯುತ್ತದೆ.

ಇದೇ ಹೊತ್ತಿನಲ್ಲಿ ಎಒ ಸರಿಯಾಗಿ ಫೋಕಸ್ ಮಾಡಿ ತಲೆಯನ್ನು ಮೇಲೆ ಕೆಳಗೆ ಆಡಿಸಿ. ಕ್ರಾಸ್‌ಹೇರ್ ಪೇಪರಿಗೆ ಅಂಟಿದಂತೆ ನಿಲ್ಲಬೇಕು.

ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ: ಮೊದಲು ಇದು ಯಾವ ರೈಫಲ್ ಮೇಲೆ ಇತ್ತು? ಸ್ಪ್ರಿಂಗ್ ಏರ್ ಗನ್ ಮೇಲೆ ಇತ್ತು ಎಂದರೆ ಹುಷಾರು. ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಗನ್ ಹಿಂದಕ್ಕೂ ಒದೆಯುತ್ತದೆ, ಪಿಸ್ಟನ್ ಮುಂದೆ ಹೋಗಿ ಕುಟ್ಟಿದಾಗ ಮುಂದಕ್ಕೂ ಎಗರುತ್ತದೆ. ಹಿಂದಿನ ಪೆಟ್ಟಿಗೆ ಅಂತ ಕಟ್ಟಿದ ಸ್ಕೋಪು ಈ ಮುಂದಿನ ಪೆಟ್ಟಿಗೆ ಒಳಗೇ ಸಡಿಲವಾಗುತ್ತದೆ. ನಿಮ್ಮದು ಪಿಸಿಪಿ, ಸ್ಕೋಪಿಗೆ ಪೆಟ್ಟೇ ಇಲ್ಲ. ಆ ಮಟ್ಟಿಗೆ ನಿಮ್ಮ ಕೈಯಲ್ಲಿ ಹಳೇ ಸ್ಕೋಪು ಬಾಳಿಕೆ ಬರುತ್ತದೆ.

ಮೌಂಟಿನ, ಅಂದರೆ ಸ್ಕೋಪನ್ನು ರೈಫಲ್ಲಿಗೆ ಬಿಗಿಯುವ ಹಿಡಿಕೆಯ, ವಿಷಯ ಚಿಕ್ಕದು. ಕೊಳವೆ ಒಂದಿಂಚಿನದು, ಹಾಗಾಗಿ 30 ಮಿ.ಮೀ. ರಿಂಗು ಆಗುವುದಿಲ್ಲ. ಏರ್ ರೈಫಲ್ ಮೇಲೆ ಸಾಮಾನ್ಯವಾಗಿ 11 ಮಿ.ಮೀ. ಡವ್‌ಟೇಲ್ (ಮೌಂಟು ಕಚ್ಚಿ ಹಿಡಿಯುವ ಪಟ್ಟಿ) ಇರುತ್ತದೆ. ವೀವರ್ ಮೌಂಟು ಅಂತ ಕರೆಯುವ ಅಗಲದ ರೈಲು ಬೇರೆ. ಸ್ಕೋಪ್ ವೀವರ್ ಅಂದ ಮಾತ್ರಕ್ಕೆ ವೀವರ್ ಮೌಂಟೇ ಬೇಕು ಅಂತೇನಿಲ್ಲ, ಅಂಗಡಿಯವರೂ ಇದರಲ್ಲಿ ಎಡವುತ್ತಾರೆ.

ಬೆಲೆ. ರೈಫಲ್ಲಿನ ಮುಕ್ಕಾಲು ಭಾಗ ಜಾಸ್ತಿಯಾಯಿತು. "ಮತ್ತೆ ಸಿಗಲ್ಲ" ಎನ್ನುವುದು ಅರ್ಧ ನಿಜ. ಅಮೆರಿಕದಲ್ಲಿ ಹಳೇ ಸಾಮಾನು ಮಾರುವ ಕಡೆ ಬರುತ್ತಲೇ ಇರುತ್ತದೆ. ಇಲ್ಲಿಗೆ ತರಿಸುವುದೇ ಕಷ್ಟ. ರೈಫಲ್ ಸ್ಕೋಪು ಅಲ್ಲಿನ ರಫ್ತು ನಿಯಂತ್ರಣದ ಪಟ್ಟಿಯಲ್ಲಿರುವುದರಿಂದ ಬಿಡಿ ಮಾರಾಟಗಾರರು ಹೊರದೇಶಕ್ಕೆ ಕಳಿಸಲು ಒಪ್ಪುವುದಿಲ್ಲ. ಊರಲ್ಲೇ ಕೈಗೆ ಸಿಗುವ ಒಂದಕ್ಕೆ ಸ್ವಲ್ಪ ಹೆಚ್ಚು ಕೊಡುವುದರಲ್ಲಿ ತಪ್ಪಿಲ್ಲ. ಆದರೆ ಗ್ಯಾರಂಟಿ ಇಲ್ಲ, ಬಿಡಿಭಾಗ ಇಲ್ಲ, ನಿಮ್ಮ ಉಪಯೋಗ ತಿಂಗಳಿಗೊಂದು ಬೆಳಿಗ್ಗೆ. ರೈಫಲ್ ಬೆಲೆಯ ಮೂರನೇ ಒಂದು ಭಾಗಕ್ಕೆ ಕೇಳಿ, ಅರ್ಧ ದಾಟಿದರೆ ಕೈಮುಗಿದು ಬನ್ನಿ.

ತಾರಸಿಯ ಮಂಜಿಗೆ ಮದ್ದು ಬೇರೆ ಇದೆ, ಅದೂ ಪುಕ್ಕಟೆ. ನಿಮ್ಮ 3-9ರಲ್ಲಿ ಫೋಕಸ್ ರಿಂಗು ಇಲ್ಲದಿದ್ದರೆ ಅದರ ಪ್ಯಾರಲಾಕ್ಸ್ 100 ಗಜಕ್ಕೆ ಕೂರಿಸಿದ್ದಿರಬೇಕು, ಬಂದೂಕಿಗೆ ಮಾಡಿದ ಹೆಚ್ಚಿನವು ಹಾಗೇ. ಅದನ್ನು 9ರಲ್ಲಿ ಇಟ್ಟರೆ 10 ಮೀಟರ್ ಮಂಜಾಗಲೇಬೇಕು. 4ಕ್ಕೆ ಇಳಿಸಿ ನೋಡಿ. ಮೊದಲು ಹೇಳಿದೆನಲ್ಲ, ಪಟ್ಟು ಇಳಿದಷ್ಟೂ ಕಣ್ಣೇ ತಿದ್ದಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಹೊಸದು ಕೊಳ್ಳುವಾಗ ಡಬ್ಬಿಯ ಮೇಲೆ ಎಷ್ಟು ಪಟ್ಟು ಅಂತ ನೋಡುವ ಮೊದಲು ಅತಿ ಹತ್ತಿರದ ಫೋಕಸ್ ಎಷ್ಟು ಅಂತ ನೋಡಿ. 9 ಮೀಟರ್ ಅಥವಾ ಅದಕ್ಕೂ ಕಡಿಮೆ ಇರಬೇಕು. ಹಾಕ್ ಕಂಪನಿಯ ಏರ್‌ಮ್ಯಾಕ್ಸ್ ಏರ್ ರೈಫಲ್ಲಿಗಾಗಿಯೇ ಮಾಡಿದ್ದು, 9 ಮೀಟರಿನಿಂದ ಫೋಕಸ್ ಆಗುತ್ತದೆ. 4-12 ಇದ್ದರೆ ತಾರಸಿಗೂ ಆಯಿತು, ತೋಟಕ್ಕೂ ನಡೆಯಿತು. ಹಳೇದೇ ಬೇಕು ಎಂದು ಹಟ ಇದ್ದರೆ ಲ್ಯೂಪೋಲ್ಡ್‌ನ 6.5-20 ಇಎಫ್‌ಆರ್ ಹುಡುಕಿ. ಅದೂ ನಿಂತುಹೋದ ಮಾಲು, ಆದರೆ 10 ಮೀಟರಿಗೆ ಫೋಕಸ್ ಆಗುವಂತೆ ಕಟ್ಟಿದ್ದು.

ಎರಡು ಜಾಗಕ್ಕೆ ಒಂದೇ ಸ್ಕೋಪು ಇಟ್ಟುಕೊಂಡರೆ ಕ್ಲಿಕ್ಕಿನ ಲೆಕ್ಕ ಬರೆದಿಡಿ. 16 ಜೂಲಿನ ರೈಫಲ್, ಸ್ಕೋಪು ಬ್ಯಾರೆಲ್ಲಿಗಿಂತ ನಾಲ್ಕೂವರೆ ಸೆಂ.ಮೀ. ಮೇಲೆ, 25 ಮೀಟರಿಗೆ ಝೀರೋ ಮಾಡಿದ್ದೀರಿ, ಅಂದರೆ ಅಲ್ಲಿ ಪೆಲೆಟ್ ಕ್ರಾಸ್‌ಹೇರ್ ಇಟ್ಟಲ್ಲೇ ಬೀಳುವಂತೆ ಕೂರಿಸಿದ್ದೀರಿ ಅಂದುಕೊಳ್ಳಿ. 10 ಮೀಟರಿನಲ್ಲಿ ಪೆಲೆಟ್ ಒಂದು ಸೆಂ.ಮೀ. ಆಸುಪಾಸು ಕೆಳಗೆ ಬೀಳುತ್ತದೆ. ಹತ್ತಿರ ಬಂದರೆ ಪೆಲೆಟ್ ಮೇಲಕ್ಕೆ ತಗುಲಬೇಕು ಅಂತ ತಲೆ ಹೇಳುತ್ತದೆ, ಪೇಪರ್ ಬೇರೆಯೇ ಹೇಳುತ್ತದೆ. ಯಾಕೆಂದರೆ ಪೆಲೆಟ್ ಇನ್ನೂ ಸ್ಕೋಪಿನ ಗೆರೆಯ ಕೆಳಗಿನಿಂದ ಮೇಲಕ್ಕೆ ಹತ್ತುತ್ತಿರುತ್ತದೆ.

ತಾರಸಿ ಬಗ್ಗೆ ಕೇಳದಿದ್ದರೂ ಒಂದು ಮಾತು. 4.5 ಮಿ.ಮೀ., 20 ಜೂಲ್ ಮೀರದ ಏರ್ ರೈಫಲ್ಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ, ನಿಜ. ಹಾಗಂತ ಪ್ಯಾರಪೆಟ್ ಗೋಡೆಗೆ ರಟ್ಟಿನ ಡಬ್ಬಿ ಒರಗಿಸಿ ಹೊಡೆಯಬೇಡಿ. ಪೆಲೆಟ್ ಗೋಡೆಗೆ ತಗುಲಿ ಚಿಮ್ಮಿ ಬರುತ್ತದೆ, ಗುರಿ ತಪ್ಪಿದ್ದು ಪಕ್ಕದ ಮನೆಯ ಬಟ್ಟೆ ಒಣಹಾಕುವ ಜಾಗಕ್ಕೆ ಹೋಗುತ್ತದೆ. ಹಿಂದೆ ಕಬ್ಬಿಣದ ತಟ್ಟೆ, ಮುಂದೆ ದಪ್ಪಕ್ಕೆ ಪುಟ್ಟಿ ಮೆತ್ತಿದ ಪೆಟ್ಟಿಗೆ ಮಾಡಿಸಿ, ಅದನ್ನು ಹೆಡ್‌ರೂಮಿನ ಕುರುಡು ಗೋಡೆಯ ಮುಂದೆ ಇಡಿ.

ಮಗಳ ವಿಷಯ. ಒಲಿಂಪಿಕ್ಸಿನಲ್ಲಿ ಇರುವ 10 ಮೀಟರ್ ಏರ್ ರೈಫಲ್ಲಿನಲ್ಲಿ ಸ್ಕೋಪು ನಿಷಿದ್ಧ. ಗಾಜೇ ಇಲ್ಲದ ಪೀಪ್ ಸೈಟು. ಹಿಂದೆ ಸಣ್ಣ ತೂತು, ಮುಂದೆ ಒಂದು ಬಳೆ, ಬಳೆಯ ನಡುವೆ ಕಪ್ಪು ವೃತ್ತ. ಟಾರ್ಗೆಟ್ಟಿನ ಹತ್ತರ ಚುಕ್ಕೆ ಅರ್ಧ ಮಿ.ಮೀ. ಬರಿಗಣ್ಣಿಗೆ ಅಲ್ಲಿಂದ ಅದು ಕಾಣುವುದೇ ಇಲ್ಲ. ಕಾಣದ ಚುಕ್ಕೆಗೆ ಹೊಡೆಯುತ್ತಾರೆ, ವೃತ್ತಗಳನ್ನು ಒಂದರೊಳಗೊಂದು ಸಮ ಕೂರಿಸಿ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್ಪಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಹೊಡೆದರು, ಹೀಗೆಯೇ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದೂ ಇದೇ ಸ್ಪರ್ಧೆಯಲ್ಲಿ. 10 ಮೀಟರಿನ ಓಡುವ ಟಾರ್ಗೆಟ್ ಅಂತ ಬೇರೆ ಸ್ಪರ್ಧೆ ಇದೆ, ಅದರಲ್ಲಿ ಸ್ಕೋಪು ಉಂಟು, ಆದರೆ ಹೆಚ್ಚೆಂದರೆ ನಾಲ್ಕು ಪಟ್ಟು.

ಹಾಗಾಗಿ ಸ್ಕೋಪಿಗೆ ಇಟ್ಟ ದುಡ್ಡಿನಲ್ಲಿ ಮಗಳನ್ನು ಮೊದಲು ಕೋಚ್ ಇರುವ ಒಂದು ರೇಂಜಿಗೆ ಸೇರಿಸಿ. ಅಲ್ಲಿ ಅಭ್ಯಾಸಕ್ಕೆ ಕ್ಲಬ್ಬಿನ ರೈಫಲ್ ಕೊಡುತ್ತಾರಾ ಕೇಳಿಕೊಳ್ಳಿ. 13 ವರ್ಷಕ್ಕೆ ಸ್ವಂತ ಮ್ಯಾಚ್ ರೈಫಲ್ ಬೇಡ, ಮೈ ಇನ್ನೂ ಬೆಳೆಯುತ್ತಿರುತ್ತದೆ, ಸ್ಟಾಕಿನ (ಭುಜಕ್ಕೆ ಆನಿಸುವ ಭಾಗದ) ಅಳತೆ ಬದಲಾಗುತ್ತಲೇ ಇರುತ್ತದೆ. ನಿಮ್ಮ ಪಿಸಿಪಿಯಲ್ಲಿ ಸ್ಕೋಪು ಹಾಕಿ ಅವಳಿಗೆ ಅಭ್ಯಾಸ ಮಾಡಿಸಬೇಡಿ. ಕ್ರಾಸ್‌ಹೇರ್ ಬೆನ್ನಟ್ಟುವ ಚಾಳಿ ಹತ್ತಿದರೆ ಕೋಚ್ ಅದನ್ನು ಬಿಡಿಸಲು ಮೊದಲ ಕೆಲವು ತಿಂಗಳು ಕಳೆಯಬೇಕಾಗುತ್ತದೆ.